ಸಂಜೆಯ ಆಟ, ಗಾಲಿಕುರ್ಚಿಯ ಜಾಗ

ಬೆಳಗಾವಿ ಸೀಮೆಯಲ್ಲಿ ಮಳೆ ಹಿಂದೆಗೆದು ದಸರೆ ಕಳೆಯಿತೆಂದರೆ ಸಂಜೆಗಳಿಗೆ ಕಳೆ ಬರುತ್ತದೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ, ಜನವರಿಯಲ್ಲಿ ಸಂಗೊಳ್ಳಿ ಉತ್ಸವ, ಅವುಗಳ ಹಿಂದೆ ಮುಂದೆ ಊರೂರಿನ ಜಾತ್ರೆಗಳು. ನಗರದ ರಂಗಮಂದಿರಗಳಲ್ಲಿ ಕನ್ನಡ ನಾಟಕ ಒಂದು ದಿನವಾದರೆ ಮರಾಠಿ ನಾಟಕ ಇನ್ನೊಂದು ದಿನ. ಮೈದಾನ ಖಾಲಿ ಇದ್ದರೆ ಸರ್ಕಸ್ಸು, ತೂಗುಯ್ಯಾಲೆ, ಬಣ್ಣದ ದೀಪಗಳ ಪ್ರದರ್ಶನ. ಇವೆಲ್ಲಕ್ಕೂ ಸಮಾನವಾದ ಸಂಗತಿಯೊಂದಿದೆ. ಇವು ನಡೆಯುವುದು ದೀಪ ಹೊತ್ತಿದ ಮೇಲೆ, ಜನ ಒಟ್ಟಾಗಿ ಸೇರಿದಾಗ. ಒಬ್ಬೊಬ್ಬರೇ ನೋಡುವ ಟಿ.ವಿ.ಗೂ ಇವುಗಳಿಗೂ ಇರುವ ವ್ಯತ್ಯಾಸ ಇದೇ.

ಹಾಗೆ ಸೇರಿದ ಜನರಲ್ಲಿ ನಡೆಯಲಾಗದವರು ಎಲ್ಲಿ ಕುಳಿತಿರುತ್ತಾರೆ? ಪೋಲಿಯೊ ಬಂದು ಕಾಲು ಸೊರಗಿದವರು, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯು ಬಡಿದ ಹಿರಿಯರು ಎಲ್ಲ ಊರಿನಲ್ಲೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಆದರೂ ಸಂಜೆಯ ಆಟದ ಜನಸಂದಣಿಯಲ್ಲಿ ಗಾಲಿಕುರ್ಚಿ ಕಾಣುವುದು ಅಪರೂಪ. ಅವರಿಗೆ ನೋಡುವ ಆಸೆ ಇಲ್ಲವೆಂದು ಇದರ ಅರ್ಥವಲ್ಲ. ನೋಡುವ ಜಾಗ ಹೇಗೆ ರೂಪುಗೊಂಡಿತು ಎಂಬುದರಲ್ಲೇ ಇದರ ಕಾರಣ ಅಡಗಿದೆ.

ಬಯಲಿನಲ್ಲಿ ಮೆಟ್ಟಿಲಿರಲಿಲ್ಲ

ಬೆಳಗಾವಿ ಜಿಲ್ಲೆ ಆಟಗಳ ತವರು. ಶ್ರೀಕೃಷ್ಣ ಪಾರಿಜಾತಕ್ಕೆ ಈಗಿನ ರೂಪ ಕೊಟ್ಟವರಲ್ಲಿ ಮುಖ್ಯನಾದ ಕುಲಗೋಡ ತಮ್ಮಣ್ಣ ಈ ನೆಲದವನು. ಆ ಆಟಕ್ಕೆ ಮನೆಮಾತಿನ ಹೆಸರು ತಂದ ಕೌಜಲಗಿ ನಿಂಗಮ್ಮ ಈ ನೆಲದವಳು. ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾ ಸಣ್ಣಾಟವಂತೂ ನಾಡಿಗೆಲ್ಲ ಗೊತ್ತು. ಈ ಆಟಗಳೆಲ್ಲ ರಾತ್ರಿ ಊಟವಾದ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುತ್ತಿದ್ದವು. ಜಾಗವೆಂದರೆ ಊರ ನಡುವಿನ ಬಯಲು, ಗುಡಿಯ ಮುಂದಿನ ಅಂಗಳ, ಇಲ್ಲವೆ ಕಣ.

ಬಯಲಿಗೆ ಬಾಗಿಲಿಲ್ಲ, ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಸಂಜೆಯೇ ಬಂದು ಕಂಬಳಿಯನ್ನೋ ಜಮಖಾನವನ್ನೋ ಹಾಸಿ ಜಾಗ ಹಿಡಿದವರಿಗೆ ಮುಂದಿನ ಸಾಲು. ಎಲ್ಲರೂ ನೆಲದ ಮೇಲೆಯೇ ಕುಳಿತುಕೊಳ್ಳುತ್ತಿದ್ದುದರಿಂದ ಕಾಲಿಲ್ಲದವನ ಎತ್ತರಕ್ಕೂ ಕಾಲಿದ್ದವನ ಎತ್ತರಕ್ಕೂ ವ್ಯತ್ಯಾಸವಿರುತ್ತಿರಲಿಲ್ಲ. ದೊಡ್ಡಾಟಕ್ಕೆ ಅಟ್ಟವನ್ನು ಎತ್ತರಕ್ಕೆ ಕಟ್ಟುತ್ತಿದ್ದುದು ವೇಷದ ಗತ್ತಿಗಾಗಿ ಮಾತ್ರವಲ್ಲ. ಹಿಂದೆ ಕುಳಿತವರ ನೋಟ ಮುಂದಿನವರ ತಲೆಯ ಮೇಲಿನಿಂದ ಹಾಯಬೇಕೆಂಬ ಲೆಕ್ಕವೂ ಅದರಲ್ಲಿತ್ತು.

ಇನ್ನೊಂದು ಉಪಾಯವನ್ನೂ ಹಳ್ಳಿಯವರು ಕಂಡುಕೊಂಡಿದ್ದರು. ಪರವೂರಿನಿಂದ ಚಕ್ಕಡಿ ಕಟ್ಟಿಕೊಂಡು ಬಂದವರು ಎತ್ತುಗಳನ್ನು ಬಿಚ್ಚಿ, ಬಯಲಿನ ಅಂಚಿನಲ್ಲಿ ಚಕ್ಕಡಿ ನಿಲ್ಲಿಸಿ ಅದರಲ್ಲೇ ಕುಳಿತು ಆಟ ನೋಡುತ್ತಿದ್ದರು. ಮುದುಕರು, ಬಾಣಂತಿಯರು, ನಡೆಯಲಾಗದವರು ಮನೆಯಿಂದ ಬಂದದ್ದೂ ಅದರಲ್ಲೇ, ನೋಡಿದ್ದೂ ಅದರ ಮೇಲಿಂದಲೇ, ನಿದ್ದೆ ಬಂದರೆ ಒರಗಿದ್ದೂ ಅಲ್ಲೇ. ನಿಂತವರ ತಲೆಗಳು ಅಡ್ಡ ಬರದಷ್ಟು ಎತ್ತರ ಅದಕ್ಕಿತ್ತು. ಇಂದಿನ ಎಂಜಿನಿಯರುಗಳು ಗಾಲಿಕುರ್ಚಿಗೆಂದು ಸೂಚಿಸುವ ಎತ್ತರಿಸಿದ ಕಟ್ಟೆ ಮಾಡುವ ಕೆಲಸವನ್ನೇ ಆ ಚಕ್ಕಡಿ ಮಾಡುತ್ತಿತ್ತು.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಚಕ್ಕಡಿ ಇದ್ದ ಮನೆಯವರಿಗಷ್ಟೇ ಆ ಅನುಕೂಲ. ಹೊತ್ತು ತರುವ ಅಣ್ಣತಮ್ಮಂದಿರು ಇದ್ದರೆ ಆಟ, ಇಲ್ಲದಿದ್ದರೆ ಮನೆಯ ಜಗುಲಿಯೇ ಗತಿ. ದೂರದಿಂದ ಕೇಳಿಬರುವ ಮದ್ದಳೆಯ ಸದ್ದಿಗೆ ಕಿವಿಗೊಟ್ಟು ಕುಳಿತವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಬಯಲು ಅಡ್ಡಿ ಮಾಡುತ್ತಿರಲಿಲ್ಲ, ನಿಜ. ಆದರೆ ಬಯಲಿನವರೆಗೆ ಬರುವುದು ಇನ್ನೊಬ್ಬರ ಕರುಣೆಯ ಮಾತಾಗಿತ್ತು.

ತಗಡಿನ ಥಿಯೇಟರು

ಕಂಪನಿ ನಾಟಕಗಳು ಬಂದಾಗ ನೋಡುವ ಜಾಗಕ್ಕೆ ಮೊದಲ ಬಾರಿಗೆ ಗೋಡೆ ಬಂತು, ಟಿಕೆಟ್ಟು ಬಂತು, ದರ್ಜೆಗಳೂ ಬಂದವು. 1880ರಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಅದೇ ಸೀಮೆಯ ಏಣಗಿಯ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘವನ್ನು ದಶಕಗಳ ಕಾಲ ನಡೆಸಿ, ಬಸವೇಶ್ವರನ ಪಾತ್ರದಿಂದ ಮನೆಮಾತಾಗಿ, 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಂಪನಿಗಳ ಥಿಯೇಟರೆಂದರೆ ಮೈದಾನದಲ್ಲಿ ಕಂಬ ನೆಟ್ಟು ತಗಡು ಹೊದಿಸಿದ ಚಪ್ಪರ. ಮುಂದೆ ಕುರ್ಚಿ, ನಂತರ ಬೆಂಚು, ಆಮೇಲೆ ನೆಲ. ಮೂರು ತಿಂಗಳಿಗೋ ಆರು ತಿಂಗಳಿಗೋ ಕಿತ್ತು ಬೇರೆ ಊರಿಗೆ ಒಯ್ಯಬೇಕಾದ ಕಟ್ಟಡವಾದ್ದರಿಂದ ಅದಕ್ಕೆ ತಳಪಾಯವಿಲ್ಲ. ತಳಪಾಯವಿಲ್ಲದ ಮೇಲೆ ಮೆಟ್ಟಿಲೂ ಇಲ್ಲ. ಕುರ್ಚಿಗಳನ್ನು ನೆಲಕ್ಕೆ ಬಿಗಿದಿರಲಿಲ್ಲವಾದ್ದರಿಂದ ಒಂದನ್ನು ಸರಿಸಿದರೆ ಜಾಗವಾಗುತ್ತಿತ್ತು. ಇದೆಲ್ಲ ಯಾರೂ ಯೋಚಿಸಿ ಮಾಡಿದ ಸೌಕರ್ಯವಲ್ಲ, ತಾತ್ಕಾಲಿಕ ಕಟ್ಟಡದಿಂದ ತಾನಾಗಿ ಒದಗಿದ್ದು.

ಉತ್ತರ ಕರ್ನಾಟಕದ ರಂಗಭೂಮಿ ಅಂಗವಿಕಲರನ್ನು ಅರಿಯದ ರಂಗಭೂಮಿಯೂ ಅಲ್ಲ. ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆಶ್ರಮದ ಅನ್ನಕ್ಕೆ ದಾರಿ ಮಾಡಲು ನಾಟಕ ಕಂಪನಿಯನ್ನೇ ಕಟ್ಟಿದರು. ಪುಟ್ಟರಾಜರು ಸ್ವತಃ ನಾಟಕ ಬರೆದರು. ಕಾಣದ ಮಕ್ಕಳು ಹಾರ್ಮೋನಿಯಂ, ತಬಲಾ ಹಿಡಿದು ರಂಗದ ಪಕ್ಕದಲ್ಲಿ ಕುಳಿತರು. ವೇದಿಕೆಯ ಕಡೆ ಅಂಗವಿಕಲರಿಗೆ ಗೌರವದ ಜಾಗವಿತ್ತು. ಪ್ರೇಕ್ಷಕರ ಕಡೆ ಅವರಿಗಾಗಿ ಯೋಚಿಸಿದ ಜಾಗ ಇರಲಿಲ್ಲ. ಈ ಅಂತರ ಇಂದಿಗೂ ಪೂರ್ತಿ ತುಂಬಿಲ್ಲ.

ಮೆಟ್ಟಿಲು ಬಂದದ್ದು ಮಳೆಯಿಂದ

ಕಾಯಂ ಕಟ್ಟಡಗಳು ಎದ್ದಾಗ ಮೆಟ್ಟಿಲುಗಳೂ ಎದ್ದವು. ಇದಕ್ಕೆ ಈ ಭಾಗದ ಹವೆಯೂ ಒಂದು ಕಾರಣ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ, ಸಹ್ಯಾದ್ರಿಯ ಸೆರಗಿನಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ದಾಟಿದರೆ ಅಪ್ಪಟ ಮಲೆನಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಇದೇ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ಯುವ ಮಳೆಯಲ್ಲಿ ನೀರು ಒಳನುಗ್ಗದಂತೆ, ಗೋಡೆಗೆ ತೇವ ಹತ್ತದಂತೆ ತಳಪಾಯವನ್ನು ಎರಡು ಮೂರು ಅಡಿ ಎತ್ತರಿಸುವುದು ಇಲ್ಲಿನ ಗೌಂಡಿಗಳ ಹಳೆಯ ಪದ್ಧತಿ. ಮನೆಗೂ ಶಾಲೆಗೂ ಸಮುದಾಯ ಭವನಕ್ಕೂ ಒಂದೇ ನಿಯಮ. ಎತ್ತರದ ಕಟ್ಟೆ ಬಂದ ಮೇಲೆ ಮುಂದೆ ನಾಲ್ಕೈದು ಮೆಟ್ಟಿಲು ಬರಲೇಬೇಕು. ಮಳೆಯಿಂದ ಕಟ್ಟಡವನ್ನು ಕಾಪಾಡುವ ಕ್ರಮವೇ ಗಾಲಿಯನ್ನು ಹೊರಗೆ ನಿಲ್ಲಿಸಿತು.

ಮೆಟ್ಟಿಲು ದಾಟಿ ಒಳಗೆ ಹೋದರೂ ಕಷ್ಟ ಮುಗಿಯುವುದಿಲ್ಲ. ಸಭಾಂಗಣಗಳ ನೆಲ ಹಿಂದಕ್ಕೆ ಹೋದಂತೆ ಏರುತ್ತದೆ. ಹಿಂದಿನವರಿಗೆ ಕಾಣಲೆಂದು ಮಾಡುವ ಈ ಏರು ಎಷ್ಟೋ ಕಡೆ ಇಳಿಜಾರಾಗಿರದೆ ಮೆಟ್ಟಿಲುಗಳಾಗಿರುತ್ತದೆ. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಒಂದು ಗಾಲಿಕುರ್ಚಿ ನಿಲ್ಲಲು ಸುಮಾರು 3 ಅಡಿ ಅಗಲ, 4 ಅಡಿ ಉದ್ದದ ಜಾಗ ಬೇಕು. ಅಗಲದಲ್ಲಿ ಎರಡು ಕುರ್ಚಿ ತೆಗೆದರೆ ಸಾಕಾಗಬಹುದು. ಆದರೆ ಸಾಲಿನಿಂದ ಸಾಲಿಗೆ ಇರುವ ಅಂತರ ಸಾಮಾನ್ಯವಾಗಿ 3 ಅಡಿಯ ಆಚೀಚೆ. ಆದ್ದರಿಂದ ಗಾಲಿಕುರ್ಚಿ ಸಾಲಿನೊಳಗೆ ಹಿಡಿಸದೆ ನಡೆದಾಡುವ ದಾರಿಯಲ್ಲಿ ನಿಲ್ಲುತ್ತದೆ. ಆಗ ವ್ಯವಸ್ಥಾಪಕರು ಬಂದು ದಾರಿಗೆ ಅಡ್ಡವಾಯಿತೆಂದು ಪಕ್ಕಕ್ಕೆ ಸರಿಸುತ್ತಾರೆ. ಪಕ್ಕದಿಂದ ನೋಡಿದರೆ ಅರ್ಧ ರಂಗ ಪರದೆಯ ಮರೆಯಲ್ಲಿರುತ್ತದೆ.

ಹಳೆಯ ಟಾಕೀಸುಗಳಲ್ಲಿ ಇನ್ನೊಂದು ವಿಚಿತ್ರ. ಬಾಲ್ಕನಿಗೆ ಮೆಟ್ಟಿಲು ಹತ್ತಬೇಕು. ನೆಲಮಟ್ಟದಲ್ಲಿ ಸಿಗುತ್ತಿದ್ದುದು ಪರದೆಯ ಹತ್ತಿರದ ಗಾಂಧಿ ಕ್ಲಾಸು. ಬಾಲ್ಕನಿಯ ಹಣ ಕೊಡಬಲ್ಲವನೂ ಕಾಲಿಲ್ಲದ ಕಾರಣಕ್ಕೆ ಕತ್ತು ಮೇಲೆತ್ತಿ ಮುಂದಿನ ಸಾಲಿನಲ್ಲೇ ನೋಡಬೇಕು. ಈಗಿನ ಬಹುಪರದೆಯ ಚಿತ್ರಮಂದಿರಗಳಿಗೆ ಲಿಫ್ಟು ಬಂದಿದೆ. ಆದರೆ ಸಾಲುಗಳ ನಡುವಿನ ಮೆಟ್ಟಿಲು ಹಾಗೆಯೇ ಉಳಿದಿರುವ ಕಡೆ ಗಾಲಿಕುರ್ಚಿಗೆ ಸಿಗುವ ಜಾಗ ಮತ್ತೆ ಅದೇ ಮುಂದಿನ ಸಾಲು.

ಗಾಲಿಗಳಲ್ಲೂ ಭೇದ

ಇಂದು ಕಾಣುವ ಮಡಚುವ ಗಾಲಿಕುರ್ಚಿಗೆ ನೂರು ವರ್ಷ ಇನ್ನೂ ತುಂಬಿಲ್ಲ. ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಹರ್ಬರ್ಟ್ ಎವರೆಸ್ಟ್ ಎಂಬ ಅಮೆರಿಕದ ಎಂಜಿನಿಯರು ತನ್ನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ ಕಾರಿನಲ್ಲಿ ಒಯ್ಯಬಹುದಾದ ಹಗುರ ಕುರ್ಚಿಯನ್ನು ರೂಪಿಸಿದ್ದು 1930ರ ದಶಕದಲ್ಲಿ. ನಮ್ಮಲ್ಲಿ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಕೃತಕ ಅವಯವಗಳ ನಿಗಮ ಕೃತಕ ಕಾಲು, ಗಾಲಿಕುರ್ಚಿ, ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ಲುಗಳನ್ನು ತಯಾರಿಸುತ್ತ ಬಂದಿದೆ.

ಹಳ್ಳಿಗಳಲ್ಲಿ ಹೆಚ್ಚು ಕಾಣುವುದು ಈ ತ್ರಿಚಕ್ರ ಸೈಕಲ್ಲು, ಇಲ್ಲವೆ ಹಿಂದೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರು. ಇವು ರಸ್ತೆಯ ವಾಹನಗಳು. ಸಭಾಂಗಣದ ಬಾಗಿಲಲ್ಲಿ ಹಿಡಿಸುವುದಿಲ್ಲ. ವಾಹನವನ್ನು ಹೊರಗೆ ಬಿಟ್ಟು ಬಾಗಿಲಿನಿಂದ ಆಸನದವರೆಗೆ ಕೈಯೂರಿ ತೆವಳಿಕೊಂಡು ಹೋಗಬೇಕು, ಇಲ್ಲವೆ ಯಾರಾದರೂ ಎತ್ತಿಕೊಳ್ಳಬೇಕು. ಬೆಳೆದ ಮನುಷ್ಯನೊಬ್ಬ ಹೊಸ ಅಂಗಿ ತೊಟ್ಟು ನಾಟಕ ನೋಡಲು ಬಂದು, ನೂರು ಜನರ ಕಣ್ಣೆದುರಿಗೆ ಹೀಗೆ ಒಳಗೆ ಹೋಗಬೇಕಾದರೆ ಎರಡನೆಯ ಸಲ ಬರುವ ಮನಸ್ಸು ಮಾಡುವುದು ಕಷ್ಟ. ಬಾಗಿಲಲ್ಲಿ ಒಂದೆರಡು ಗಾಲಿಕುರ್ಚಿಗಳನ್ನು ಸಂಸ್ಥೆಯವರೇ ಇಟ್ಟಿದ್ದರೆ ಈ ಸಂಕಟ ಅಲ್ಲಿಗೇ ನಿಲ್ಲುತ್ತದೆ. ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಒಪ್ಪಿಕೊಂಡ ಈ ಕ್ರಮ ರಂಗಮಂದಿರಕ್ಕೂ ಸಲ್ಲುವಂಥದು.

ಜನ ಎದ್ದು ನಿಂತಾಗ

ಉತ್ಸವದ ಮೈದಾನದಲ್ಲಿ ಮೆಟ್ಟಿಲಿಲ್ಲ. ಆದರೂ ಹಳೆಯ ಬಯಲಿನ ಸಮತೆ ಅಲ್ಲಿ ಉಳಿದಿಲ್ಲ. ವೇದಿಕೆಯ ಮುಂದೆ ಗಣ್ಯರ ಸೋಫಾಗಳು, ಅವುಗಳ ಹಿಂದೆ ಪಾಸು ಉಳ್ಳವರ ಕುರ್ಚಿಗಳು, ಆಮೇಲೆ ಬಿದಿರಿನ ಅಥವಾ ಕಬ್ಬಿಣದ ಅಡ್ಡಗಟ್ಟು, ಅದರ ಹಿಂದೆ ಜನಸಾಮಾನ್ಯರು. ಅಡ್ಡಗಟ್ಟಿನಲ್ಲಿ ಬಿಡುವ ಸಂದು ಒಬ್ಬ ಮನುಷ್ಯ ನುಸುಳುವಷ್ಟು, ಗಾಲಿಕುರ್ಚಿ ಹಾಯುವಷ್ಟಲ್ಲ. ನೆಲದ ಮೇಲೆ ಧ್ವನಿವರ್ಧಕದ ದಪ್ಪ ವೈರುಗಳು ಹಾವಿನಂತೆ ಬಿದ್ದಿರುತ್ತವೆ. ಚಿಕ್ಕ ಮುಂಗಾಲಿ ಅವುಗಳಿಗೆ ಸಿಕ್ಕಿಕೊಂಡರೆ ಕುರ್ಚಿ ಮುಗ್ಗರಿಸುತ್ತದೆ. ಖಾನಾಪುರದ ಕಡೆಯ ಕೆಂಪು ಮಣ್ಣಿನ ಮೈದಾನದಲ್ಲಿ ಹಿಂದಿನ ದಿನ ಒಂದು ಮಳೆ ಬಿದ್ದಿದ್ದರೂ ಗಾಲಿ ಹೂಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ನೋಟದ್ದು. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ, ನಿಂತವರ ಭುಜ ಅದಕ್ಕಿಂತ ಮೇಲೆ. ಹೆಸರಾಂತ ಗಾಯಕ ವೇದಿಕೆಗೆ ಬಂದ ಕ್ಷಣ, ಸಂಗೀತ ಕಾರಂಜಿ ಚಿಮ್ಮಿದ ಕ್ಷಣ, ಮದ್ದು ಆಕಾಶಕ್ಕೆ ಹಾರಿದ ಕ್ಷಣ ಎಲ್ಲರೂ ಎದ್ದು ನಿಲ್ಲುತ್ತಾರೆ. ಯಾವ ಕ್ಷಣಕ್ಕಾಗಿ ಬಂದರೋ ಆ ಕ್ಷಣದಲ್ಲೇ ಗಾಲಿಕುರ್ಚಿಯವರಿಗೆ ಕಾಣುವುದು ಮುಂದಿನವರ ಬೆನ್ನು. ನೆಲದ ಮೇಲೆ ಕುಳಿತ ಕಾಲಕ್ಕೂ ನಿಂತು ನೋಡುವ ಕಾಲಕ್ಕೂ ಇರುವ ವ್ಯತ್ಯಾಸ ಇದು.

ಮನೋರಂಜನಾ ಉದ್ಯಾನಗಳು ಈ ತೊಡಕನ್ನು ಎದುರಿಸಿದ ಬಗೆ ಗಮನಾರ್ಹ. 1955ರಲ್ಲಿ ಅಮೆರಿಕದಲ್ಲಿ ಆರಂಭವಾದ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನಗಳಲ್ಲಿ ಸಂಜೆಯ ಮೆರವಣಿಗೆ, ಬಾಣಬಿರುಸು ಮುಖ್ಯ ಆಕರ್ಷಣೆ. ಅಲ್ಲಿ ಮೆರವಣಿಗೆಯ ದಾರಿಯ ಪಕ್ಕದಲ್ಲಿ ಗಾಲಿಕುರ್ಚಿಯವರಿಗೂ ಅವರ ಜೊತೆಗಾರರಿಗೂ ಜಾಗ ಗುರುತಿಸಿ ಕಾಯ್ದಿರಿಸುತ್ತಾರೆ. ಇದರ ಹಿಂದೆ ಆ ದೇಶದ 1990ರ ಅಂಗವಿಕಲರ ಕಾಯ್ದೆಯ ಬಲವಿದೆ. ಅದರಡಿ 2010ರಲ್ಲಿ ಹೊರಬಂದ ಮಾನದಂಡಗಳು 301ರಿಂದ 500 ಆಸನಗಳ ಸಭಾಂಗಣದಲ್ಲಿ ಗಾಲಿಕುರ್ಚಿಗೆ ಕನಿಷ್ಠ 6 ಜಾಗ ಇರಬೇಕೆನ್ನುತ್ತವೆ, ಪ್ರತಿ ಜಾಗದ ಪಕ್ಕದಲ್ಲಿ ಜೊತೆಗಾರರಿಗೊಂದು ಆಸನ ಬೇಕೆನ್ನುತ್ತವೆ. ಪ್ರೇಕ್ಷಕರು ಎದ್ದು ನಿಲ್ಲುವ ಸಂಭವವಿದ್ದರೆ, ನಿಂತವರ ತಲೆಯ ಮೇಲಿನಿಂದ ಅಥವಾ ನಡುವಿನಿಂದ ನೋಟ ಹಾಯುವಂತೆ ಆ ಜಾಗ ಇರಬೇಕೆಂದೂ ವಿಧಿಸುತ್ತವೆ. ಒಂದು ಅರ್ಥದಲ್ಲಿ ಇದು ಚಕ್ಕಡಿಯ ಲೆಕ್ಕವೇ.

ಕಾಯ್ದೆ ಏನೆನ್ನುತ್ತದೆ

ನಮ್ಮ ದೇಶದಲ್ಲಿ ಅಂಗವಿಕಲರ ಮೊದಲ ಸಮಗ್ರ ಕಾಯ್ದೆ 1995ರದು. ಅದರ ಒತ್ತು ಶಿಕ್ಷಣ, ಉದ್ಯೋಗಗಳ ಮೇಲಿತ್ತು. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ 30ನೆಯ ವಿಧಿ ನಾಟಕ, ಸಿನಿಮಾ, ಕ್ರೀಡೆ, ವಿಹಾರಗಳಲ್ಲಿ ಇತರರಂತೆ ಪಾಲ್ಗೊಳ್ಳುವುದನ್ನು ಹಕ್ಕೆಂದು ಸಾರಿತು. ಇದನ್ನು ಅನುಸರಿಸಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೆಯ ಕಲಮು ಸಾಂಸ್ಕೃತಿಕ ಬದುಕು ಮತ್ತು ಮನರಂಜನೆಯ ಹಕ್ಕನ್ನು ಕಾಪಾಡುವ ಹೊಣೆಯನ್ನು ಸರ್ಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿತು. ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಟ್ಟಡವಷ್ಟೇ ಅಲ್ಲ, ಮನರಂಜನೆಗಾಗಿ ಜನ ಬರುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರುತ್ತದೆ. ಮಾನದಂಡ ಪಾಲಿಸದ ನಕ್ಷೆಗೆ ಪರವಾನಗಿ ಕೊಡಬಾರದು, ಕಟ್ಟಡ ಮುಗಿದ ಪ್ರಮಾಣಪತ್ರವನ್ನೂ ಕೊಡಬಾರದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಹೊರಬಿದ್ದ 5 ವರ್ಷಗಳೊಳಗೆ ಸರಿಪಡಿಸಬೇಕೆಂದೂ ಕಾಯ್ದೆ ಹೇಳಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಆ ಗಡುವು 2022ರಲ್ಲೇ ತೀರಿಹೋಗಿದೆ.

ಇಷ್ಟೆಲ್ಲ ಇದ್ದೂ ಕೆಲಸ ಏಕೆ ಸಾಗಲಿಲ್ಲ? ಇದಕ್ಕೆ ಸುಪ್ರೀಂ ಕೋರ್ಟಿನಿಂದಲೇ ಒಂದು ಉತ್ತರ ಬಂತು. ಅಂಧರಾದ ರಾಜೀವ್ ರಾತೂರಿ 2005ರಲ್ಲಿ ಹೂಡಿದ ದಾವೆಯಲ್ಲಿ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ವಿಸ್ತೃತ ನಿರ್ದೇಶನಗಳನ್ನು ಕೊಟ್ಟಿತ್ತು. 2024ರ ನವೆಂಬರ್ 8ರಂದು ಅದೇ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿತು. ಕಾಯ್ದೆ 'ಕಡ್ಡಾಯ' ಎಂದು ಹೇಳಿದ್ದನ್ನು 2017ರ ನಿಯಮಗಳ 15ನೆಯ ನಿಯಮ ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಕಾಯ್ದೆಗೆ ವಿರುದ್ಧ ಎಂಬುದೇ ಆ ತೀರ್ಪು. ತಪ್ಪದೆ ಪಾಲಿಸಲೇಬೇಕಾದ ಕನಿಷ್ಠ ಅಂಶಗಳನ್ನು ಬೇರ್ಪಡಿಸಿ 3 ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. 'ಮಾಡಿದರೆ ಒಳ್ಳೆಯದು' ಮತ್ತು 'ಮಾಡಲೇಬೇಕು' ಇವೆರಡರ ನಡುವಿನ ಅಂತರದಲ್ಲೇ ಅಷ್ಟು ವರ್ಷ ಕಳೆದುಹೋಗಿತ್ತು.

ಬೇಕಾದದ್ದು ಎಷ್ಟು?

ಲೆಕ್ಕ ಹಾಕಿದರೆ ಬೇಕಾದದ್ದು ಅಪಾರವೇನಲ್ಲ. ಇಳಿಜಾರಿನ ಒಪ್ಪಿತ ಪ್ರಮಾಣ 1ಕ್ಕೆ 12. ಅಂದರೆ 1 ಅಡಿ ಏರಲು 12 ಅಡಿ ಉದ್ದದ ಇಳಿಜಾರು. 2 ಅಡಿ ಎತ್ತರದ ಕಟ್ಟೆಗೆ 24 ಅಡಿ. ಎಷ್ಟೋ ಕಡೆ ಹೆಸರಿಗೆ ಕಟ್ಟಿದ ಇಳಿಜಾರು ಇದರ ಮೂರನೆಯ ಒಂದು ಭಾಗದಷ್ಟೂ ಉದ್ದವಿರುವುದಿಲ್ಲ. ಅದರ ಮೇಲೆ ಕುರ್ಚಿ ಏರುವುದಿಲ್ಲ, ಇಳಿಯುವಾಗ ಉರುಳುವ ಭಯ ಬೇರೆ. ತಪ್ಪು ಅಳತೆಯ ಇಳಿಜಾರಿಗಿಂತ ಮೆಟ್ಟಿಲೇ ವಾಸಿ, ಏಕೆಂದರೆ ಮೆಟ್ಟಿಲು ಕಂಡರೆ ಯಾರೂ ಏರಲು ಹೋಗಿ ಬೀಳುವುದಿಲ್ಲ.

ಮೈದಾನದ ಕಾರ್ಯಕ್ರಮಕ್ಕಂತೂ ಪೆಂಡಾಲ್ ಹಾಕುವವರ ಬಳಿ ಇರುವ ಸಾಮಾನುಗಳೇ ಸಾಕು. ವೇದಿಕೆಗೆ ಬಳಸುವ ಹಲಗೆಗಳಿಂದಲೇ ಜನರ ನಡುವೆ, ವೇದಿಕೆಗೆ ನೇರವಾಗಿ, ಒಂದೆರಡು ಅಡಿ ಎತ್ತರದ ಕಟ್ಟೆ ಮಾಡಬಹುದು. ಅದಕ್ಕೊಂದು ಸರಿಯಾದ ಇಳಿಜಾರು, ಅಂಚಿನಲ್ಲಿ ಗಾಲಿ ಜಾರದಂತೆ ಪಟ್ಟಿ, ಜೊತೆಗೆ ಬಂದವರಿಗೆ ಪಕ್ಕದಲ್ಲೇ ಕುರ್ಚಿ. ಗಂಡನನ್ನು ಮುಂದೆ ಕೂರಿಸಿ ಹೆಂಡತಿಯನ್ನು ಹಿಂದಕ್ಕೆ ಕಳಿಸಿದರೆ ಅದು ಸೌಕರ್ಯವಲ್ಲ. ವಾಹನ ನಿಲ್ಲುವಲ್ಲಿಂದ ಅಲ್ಲಿಯವರೆಗೆ ಗಟ್ಟಿ ನೆಲದ ದಾರಿ, ಗಾಲಿ ಒಳಗೆ ಹೋಗುವಷ್ಟು ಅಗಲ ಬಾಗಿಲಿನ ಒಂದು ಶೌಚಾಲಯ ಬೇಕು. ಶೌಚಾಲಯ ಇಲ್ಲವೆಂಬ ಕಾರಣಕ್ಕೆ ಮಧ್ಯಾಹ್ನದಿಂದಲೇ ನೀರು ಕುಡಿಯದೆ ಕಾರ್ಯಕ್ರಮಕ್ಕೆ ಬರುವವರಿದ್ದಾರೆ. ಮಹಿಳೆಯರ ಪಾಡು ಇನ್ನೂ ಕಠಿಣ.

ಸುರಕ್ಷತೆಯ ಮಾತೂ ಇದರಲ್ಲಿದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗ, ಹೆಚ್ಚುವರಿ ಆಸನ ಹಾಕಿ ಬಾಲ್ಕನಿಯ ಒಂದು ಬದಿಯ ದಾರಿ ಮುಚ್ಚಿದ್ದು ಬಯಲಾಯಿತು. ಓಡಬಲ್ಲವರೇ ಹೊರಬರಲಾರದ ಕಡೆ ಗಾಲಿಕುರ್ಚಿಯವರ ಗತಿಯೇನು? ಗಾಲಿ ಸಲೀಸಾಗಿ ಹೊರಬರುವಷ್ಟು ಅಗಲದ ದಾರಿ ಎಂದರೆ ಮಕ್ಕಳು, ಮುದುಕರು, ಗರ್ಭಿಣಿಯರು, ಎಲ್ಲರೂ ಹೊರಬರಬಲ್ಲ ದಾರಿ.

ಕೊನೆಗೆ ಮನೆಗೆ ಮರಳುವ ಪ್ರಶ್ನೆ. ಬೆಳಗಾವಿಯಲ್ಲಿ ನಾಟಕ ರಾತ್ರಿ ಒಂಬತ್ತೂವರೆಗೆ ಮುಗಿದರೆ ಖಾನಾಪುರದ ಕಡೆಯವರು ಬಸ್ಸು ಹಿಡಿಯಬೇಕು. ಸರ್ಕಾರ ಅಂಗವಿಕಲರಿಗೆ ರಿಯಾಯಿತಿ ಪಾಸು ಕೊಡುತ್ತದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಪಾಸು ಕೈಯಲ್ಲಿದ್ದರೂ ಬಸ್ಸು ಹತ್ತಲಾಗದವರಿಗೆ ಅದು ಬರೀ ಕಾಗದ. ಆದ್ದರಿಂದಲೇ ಖಾನಾಪುರ, ನಂದಗಡ, ಜಾಂಬೋಟಿಯಂಥ ಊರುಗಳಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಹೆಚ್ಚಿನ ಮಹತ್ವವಿದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಲ್ಲಿನ ದಾರಿ, ಕಟ್ಟೆ, ಕೂರುವ ಜಾಗ ಸರಿಯಾಗಿದ್ದರೆ ಸುತ್ತಲ ಹಳ್ಳಿಗಳ ಅಂಗವಿಕಲರು ನಗರದವರೆಗೆ ಹೋಗದೆಯೇ ತಮ್ಮ ಊರಿನ ವೀರನ ಕಥೆಯನ್ನು ವೇದಿಕೆಯ ಮೇಲೆ ಕಾಣಬಹುದು.

ಉತ್ಸವದ ಸಿದ್ಧತಾ ಸಭೆಗಳಲ್ಲಿ ವೇದಿಕೆ ಎಷ್ಟು ಅಡಿ, ಗಣ್ಯರಿಗೆ ಎಷ್ಟು ಸೋಫಾ, ವಾಹನ ನಿಲುಗಡೆ ಎಲ್ಲಿ ಎಂಬುದು ತಿಂಗಳ ಮೊದಲೇ ತೀರ್ಮಾನವಾಗುತ್ತದೆ. ಗಾಲಿಕುರ್ಚಿಯ ಕಟ್ಟೆ ನಕ್ಷೆಯಲ್ಲಿ ಸೇರಬೇಕಾದದ್ದು ಆ ಸಭೆಯಲ್ಲೇ. ಕಾರ್ಯಕ್ರಮದ ದಿನ ಸಂಜೆ ಬಾಗಿಲಿಗೆ ಬಂದವರನ್ನು ನಾಲ್ಕು ಜನ ಎತ್ತಿ ಒಳಗೆ ಕೂರಿಸುವುದು ಮಾನವೀಯತೆ, ನಿಜ. ಆದರೆ ಟಿಕೆಟ್ಟು ಕೊಂಡು ಬಂದವರು ತಮ್ಮ ಗಾಲಿಯನ್ನು ತಾವೇ ತಳ್ಳಿಕೊಂಡು ತಮ್ಮ ಜಾಗಕ್ಕೆ ಹೋಗಿ ಮನೆಯವರ ಪಕ್ಕದಲ್ಲಿ ಕುಳಿತು ನಾಂದಿ ಪದ್ಯಕ್ಕೆ ಕಾಯುವುದು ಹಕ್ಕು. ಆ ಹಕ್ಕಿಗೆ ಮೈದಾನದಲ್ಲಿ ಬೇಕಾದದ್ದು ಒಂದಷ್ಟು ಹಲಗೆ, ಒಂದಷ್ಟು ಅಡಿ ಜಾಗ ಮತ್ತು ಮೊದಲೇ ಮಾಡಿದ ಯೋಚನೆ.